ಹಸಿ ಮೂಟೆ

ಕಾಗದಕ್ಕೆ ಬೆಂಕಿ ಹತ್ತುವುದಿಲ್ಲ ಅಂತ ಯಾರಾದರೂ ಹೇಳಿದರೆ ನೀವು ನಂಬುತ್ತೀರಾ? ಬೀದಿಯವರೆಲ್ಲ ರದ್ದಿಯಕ್ಕ ಅಂತ ಕರೆಯುತ್ತಿದ್ದ ಆ ಹೆಂಗಸು ಬದುಕುತ್ತಿದ್ದದ್ದೇ ಈ ಮಾತನ್ನು ಜನರಿಗೆ ನಂಬಿಸಿ. ಮೊದಲು ಮನೆಮನೆ ತಿರುಗಿ ಹಳೇ ಪೇಪರ್ ಕೊಂಡು ಮಾರುತ್ತಿದ್ದಳು. ಆಮೇಲೆ ಗಂಡನನ್ನೂ ಎಳೆದುಕೊಂಡು ಒಂದು ಶೆಡ್ಡು ಹಿಡಿದಳು. ಅಲ್ಲಿ ಯಂತ್ರದಲ್ಲಿ ಪೇಪರ್ ಚೂರು ಮಾಡಿ ಅರಳೆಯ ಹಾಗೆ ಬಿಡಿಸುವುದು, ಬೆಂಕಿ ಹತ್ತದಿರಲಿ ಅಂತ ಬಿಳಿಗಾರದ ಪುಡಿ ಬೆರೆಸುವುದು, ಮೂಟೆ ಕಟ್ಟಿ ಒಯ್ದು ಜನರ ಅಟ್ಟಕ್ಕೆ ದಪ್ಪ ಪೈಪಿನಲ್ಲಿ ಊದುವುದು. ಚಾವಣಿಯ ಹಲಗೆ ಮೇಲೆ ಮೊಣಕಾಲೆತ್ತರ ಕಾಗದ ಕೂತರೆ ಚಳಿಗಾಲದಲ್ಲಿ ಒಲೆಯ ಬಿಸಿ ಮನೆಯೊಳಗೇ ನಿಲ್ಲುತ್ತದೆ. ಇಷ್ಟೇ ಅವರ ವಿದ್ಯೆ.

ಗಿರಾಕಿಗಳು ಸುಮ್ಮನೆ ನಂಬುತ್ತಾರೆಯೇ! ಅದಕ್ಕೇ ಅವಳು ಅಂಗೈ ಮೇಲೆ ಒಂದು ಹಿಡಿ ಕಾಗದದರಳೆ ಇಟ್ಟುಕೊಂಡು ಅವರ ಕಣ್ಣೆದುರೇ ಕಡ್ಡಿ ಗೀರುತ್ತಿದ್ದಳು. ಅಂಚು ಕಪ್ಪಾಗುತ್ತಿತ್ತು, ತಾನಾಗಿಯೇ ಆರಿಹೋಗುತ್ತಿತ್ತು. "ನೋಡಿದ್ರಲ್ಲ? ಇನ್ನೇನು ಬೇಕು?" ಅನ್ನುವಾಗ ಅವಳ ಗತ್ತು ನೋಡಬೇಕು ನೀವು.

ಆ ಬೆಳಿಗ್ಗೆ ಶೆಡ್ಡಿಗೆ ಬಂದದ್ದು ಒಬ್ಬ ಮುದಿ ಲಾರಿ ಡ್ರೈವರ್. ಹಿಂದಿನ ದಿನ ಅತ್ತಿಗೆಯ ಮನೆಯ ಅಟ್ಟ ತುಂಬಿ ಉಳಿದಿದ್ದ ಅರ್ಧ ಮೂಟೆ ಅಲ್ಲೇ ಬಾಗಿಲ ಬಳಿ ಇತ್ತು. ರದ್ದಿಯಕ್ಕ ಅದಕ್ಕೇ ಕೈ ಹಾಕಿ ಒಂದು ಹಿಡಿ ತೆಗೆದಳು, ಕಡ್ಡಿ ಗೀರಿದಳು. ಭಗ್ಗೆಂದಿತು! ಅವಳು ಕಿರುಚಿ ಕೈ ಒದರಿ ನೀರಿನ ಬಕೆಟ್ಟಿಗೆ ಅದ್ದಿದಳು. ಡ್ರೈವರ್ ಟೋಪಿ ಸರಿಮಾಡಿಕೊಂಡು, "ಅಮ್ಮಾ ತಾಯಿ, ನಮ್ಮನೆ ತಣ್ಣಗೇ ಇರ್ಲಿ ಬಿಡು," ಅಂದವನೇ ಹಿಂದೆ ತಿರುಗಿ ನೋಡಲಿಲ್ಲ.

ರದ್ದಿಯಕ್ಕನಿಗೆ ಉರಿ ಆಮೇಲೆ ಗೊತ್ತಾಯಿತು. ಮೊದಲು ಕಣ್ಣು ಹೋದದ್ದು ಮೂಟೆಯ ಬಾಯಿಗೆ. ಅಲ್ಲಿ ತಂತಿ ಜೋತಾಡುತ್ತಿತ್ತು. ಅವರ ಶೆಡ್ಡಿನಲ್ಲಿ ಪುಡಿ ಬೆರೆಸದ ಹಸಿ ಮೂಟೆಗೆ ಸೆಣಬಿನ ದಾರ, ಬೆರೆಸಿದ ಮೂಟೆಗೆ ತಂತಿ. ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯಬೇಕು ಅಂತ ಅವಳೇ ಮಾಡಿದ ಏರ್ಪಾಡು.

"ರೀ! ಈ ಹಸಿ ಮೂಟೆಗೆ ತಂತಿ ಕಟ್ಟಿದ್ಯಾರು?"

ಗಂಡ ಯಂತ್ರ ನಿಲ್ಲಿಸಿ ಬಂದ. ಮೂಟೆ ನೋಡಿದ, ಅವಳ ಕೈ ನೋಡಿದ, ಮುಖ ಬಿಳಿಚಿಕೊಂಡಿತು. "ದಾರ ಮುಗಿದುಹೋಗಿತ್ತು ಕಣೇ. ಒಂದಷ್ಟಕ್ಕೆ ತಂತಿನೇ ಸುತ್ತಿದೆ. ಆಮೇಲೆ ಬಿಚ್ಚಿ ಪುಡಿ ಹಾಕೋಣ ಅಂತಿದ್ದೆ... ಮರೆತೇಹೋಯ್ತು."

"ಅತ್ತಿಗೆ ಮನೆಗೆ ಊದಿದ್ದರಲ್ಲಿ ಹಸಿ ಎಷ್ಟು?"

"ನಂಗೇನು ಗೊತ್ತು? ಎಲ್ಲ ಬೆರೆತುಹೋಗಿತ್ತು."

ಅತ್ತಿಗೆ ಅಂದರೆ ಗಂಡನ ಅಕ್ಕ. ಎದೆಗೆ ಕಫ ಕಟ್ಟಿ ಹಾಸಿಗೆ ಹಿಡಿದಿದ್ದ ಅತ್ತೆ ಇದ್ದದ್ದೂ ಆ ಮನೆಯಲ್ಲೇ. "ನಮ್ಮಮ್ಮನ ತಲೆ ಮೇಲೆ ರದ್ದಿ ಸುರೀತೀಯೇನೇ? ಹತ್ಕೊಂಡ್ರೆ?" ಅಂತ ಅತ್ತಿಗೆ ವರ್ಷವೆಲ್ಲ ಮೂಗು ಮುರಿದಿದ್ದಳು. ಅಂಗೈ ಮೇಲೆ ಕಡ್ಡಿ ಗೀರಿ ತೋರಿಸಿ ಅವಳ ಬಾಯಿ ಮುಚ್ಚಿಸಿದ್ದು ಇದೇ ರದ್ದಿಯಕ್ಕ. ಅತ್ತೆಯ ಮಂಚದ ಪಕ್ಕವೇ ಸೌದೆ ಒಲೆ. ಅದರ ಹೊಗೆ ಕೊಳವೆ ಚಾವಣಿ ತೂರಿ, ಆ ಕಾಗದದ ನಡುವಿನಿಂದಲೇ ಮೇಲೆ ಹೋಗುತ್ತಿತ್ತು.

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಅತ್ತಿಗೆಗೆ ಫೋನನ್ನು ಬೀರುವಿನೊಳಗೆ ಇಟ್ಟು ಮರೆಯುವ ಚಾಳಿ, ಹಾಳಾದ್ದು!

ವ್ಯಾನಿನಲ್ಲಿ ಗಂಡ ಮೆಲ್ಲಗೆ ಶುರುಮಾಡಿದ. "ಕಾಗದ ತಾಗದ ಹಾಗೆ ಕೊಳವೆ ಸುತ್ತ ತಗಡು ಕಟ್ಟಿದ್ದೀವಲ್ಲ. ಏನೂ ಆಗಲ್ಲ. ಇನ್ನೊಂಚೂರು ಊದಬೇಕು ಅಂತ ಏನೋ ಹೇಳಿ ಮೇಲೆ ಹತ್ತೋಣ. ಅಕ್ಕನಿಗೆ ಗೊತ್ತಾದ್ರೆ ಊರಿಗೆಲ್ಲ ಡಂಗುರ ಹೊಡೀತಾಳೆ."

"ಅಲ್ಲಿ ಮಲಗಿರೋದು ನಿಮ್ಮಮ್ಮ ಕಣ್ರೀ!"

ರಸ್ತೆಯಲ್ಲಿ ಸಿಕ್ಕ ಪ್ರತಿಯೊಂದು ಸಿಗ್ನಲ್ಲಿಗೂ ಅವಳು ಶಾಪ ಹಾಕಿದಳು.

ಬೀದಿಯ ತಿರುವಿನಲ್ಲೇ ಕಾಣಿಸಿತು, ಕೊಳವೆಯಿಂದ ದಟ್ಟ ಹೊಗೆ. ಒಲೆ ಜೋರಾಗಿ ಉರಿಯುತ್ತಿತ್ತು. ಬಾಗಿಲು ತೆಗೆದ ಅತ್ತಿಗೆಯ ಮುಖದಲ್ಲಿ, ಎಂದೂ ಇಲ್ಲದ ನಗು.

"ಬಾರೇ ಬಾ! ನಿನ್ನ ಬೈದ ಬಾಯಿಗೆ ಸಕ್ಕರೆ ಹಾಕ್ಕೋಬೇಕು ನಾನು. ಅಮ್ಮ ರಾತ್ರಿಯೆಲ್ಲ ಕೆಮ್ಮದೆ ಮಲಗಿದ್ಳು ಕಣೇ, ಮನೆ ಅಷ್ಟು ಬೆಚ್ಚಗಿತ್ತು!"

ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. "ಅತ್ತಿಗೆ, ಒಲೆ ಆರಿಸಿ. ಅತ್ತೇನ ಮುಂದಿನ ಕೋಣೆಗೆ ಕರ್ಕೊಂಡ್ಹೋಗಿ."

"ಯಾಕೇ? ಏನಾಯ್ತು?"

"ಮೊದಲು ಆರಿಸಿ, ಆಮೇಲೆ ನನ್ನ ಹೊಡೀರಿ ಬೇಕಾದ್ರೆ."

ಏಣಿ ಹತ್ತಿ ಅಟ್ಟದ ಬಾಗಿಲು ತಳ್ಳಿದಳು. ಹೊಗೆಯಿಲ್ಲ, ಉರಿಯಿಲ್ಲ. ಟಾರ್ಚಿನ ಬೆಳಕಿಗೆ ಬೂದುಬಣ್ಣದ ಕಾಗದ ಮೂಲೆಮೂಲೆಗೂ ಸಮನಾಗಿ ಕೂತಿತ್ತು. ಆದರೆ ವಾಸನೆ! ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆ ಮೇಲೇ ಮರೆತಾಗ ಬರುತ್ತದಲ್ಲ, ಅಂಥದ್ದು. ಹಲಗೆ ಮೇಲೆ ಕಾಲಿಟ್ಟರೆ ಚಾವಣಿ ಸಮೇತ ಕೆಳಗೆ ಬೀಳಬೇಕು, ಆದ್ದರಿಂದ ತೊಲೆಯಿಂದ ತೊಲೆಗೆ ಮಂಡಿಯೂರಿ ತೆವಳಿದಳು. ಹಿಂದೆಯೇ ಗಂಡ ನೀರಿನ ಬಕೆಟ್ಟು ಹಿಡಿದು ಬಂದ.

ಪುಡಿಯಿಲ್ಲದ ಕಾಗದ ಹಗುರ. ಊದುವಾಗ ಅದು ತಗಡಿನ ಮೇಲಿಂದ ಹಾರಿ ಕೊಳವೆಯ ಬುಡಕ್ಕೇ ಬಿದ್ದಿತ್ತು. ಅವಳು ಕೈಯಿಂದ ಬಗೆದಳು. ಮೇಲೆ ತಣ್ಣಗಿತ್ತು, ಒಳಗೆ ಕಂದು, ಇನ್ನೂ ಒಳಗೆ ಕಪ್ಪು. ಗಾಳಿ ತಾಗಿದ್ದೇ ತಡ, ಆ ಕಪ್ಪಿನ ಅಂಚಿನಲ್ಲಿ ಸಣ್ಣ ಕೆಂಪು ಗೆರೆಯೊಂದು ಹರಿದಾಡತೊಡಗಿತು.

"ಬಕೆಟ್ ಕೊಡ್ರೀ! ಬೇಗ!"

ಬಾಚಿ ಬಾಚಿ ನೀರಿಗೆ ಹಾಕಿದಳು. ಪ್ರತಿ ಮುಷ್ಟಿಗೂ ಚೊಂಯ್ ಅನ್ನುತ್ತಿತ್ತು. ಕೆಂಪು ಗೆರೆ ಒಂದು ಕಡೆ ಸತ್ತರೆ ಇನ್ನೊಂದು ಕಡೆ ಏಳುತ್ತಿತ್ತು. ಸುತ್ತಲಿನ ಕಾಗದವನ್ನೆಲ್ಲ ದೂರ ತಳ್ಳಿ ಹಲಗೆ ಕಾಣುವಷ್ಟು ಬಗೆದಳು. ಹಲಗೆಯೂ ಒಂದು ಕಡೆ ಕರಿಕಾಗಿತ್ತು. ಅದರ ನೇರ ಕೆಳಗೆ ಅತ್ತೆಯ ದಿಂಬು. ಅಂಗೈಯಿಟ್ಟು ಮುಟ್ಟಿ ಮುಟ್ಟಿ ನೋಡಿ, ಎಲ್ಲೂ ಬಿಸಿಯಿಲ್ಲ ಅಂತಾದಾಗ ಅವಳಿಗೆ ಅಳು ಒತ್ತರಿಸಿ ಬಂತು.

ಗಂಡ ಅವಳ ತೋಳು ಹಿಡಿದ. "ಬಕೆಟ್ಟಿನ ಮೇಲೊಂದು ಗೋಣಿ ಮುಚ್ತೀನಿ. ಆಯ್ತಲ್ಲ, ಉಳಿದ್ವಿ. ಇನ್ನು ಯಾಕೆ ಹೇಳ್ಬೇಕು? ಶೆಡ್ಡೇ ಮುಚ್ಚಿಹೋಗುತ್ತೆ ಕಣೇ."

ಅವಳಿಗೂ ಆಸೆಯಾಗಲಿಲ್ಲ ಅಂತಲ್ಲ. ಆಯಿತು. ಕೆಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿಸಿತು. ಎದ್ದು ಅವನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಏಣಿ ಇಳಿದಳು.

ಬಕೆಟ್ಟನ್ನು ಅತ್ತಿಗೆಯ ಕಾಲ ಬಳಿ ಇಟ್ಟು ಎಲ್ಲವನ್ನೂ ಹೇಳಿದಳು. ತಂತಿ, ದಾರ, ಪುಡಿ, ಒಂದನ್ನೂ ಬಿಡಲಿಲ್ಲ. "ತಪ್ಪು ನಮ್ದು. ಮೂಟೆ ಬಿಚ್ಚುವಾಗ ಸುಟ್ಟು ನೋಡ್ಬೇಕಿತ್ತು ನಾನು. ನಮ್ಮವರ ಮನೆ ಅಂತ ಸಲಿಗೆ ಮಾಡ್ದೆ."

ಅತ್ತಿಗೆ ಬಗ್ಗಿ ಕರಿಕಲು ಮುದ್ದೆಯನ್ನು ಬೆರಳಿನಿಂದ ಮುಟ್ಟಿದಳು. ಮುಂದಿನ ಕೋಣೆಯಲ್ಲಿ ಹೊದಿಕೆಯ ಮೇಲೆ ಹೊದಿಕೆ ಹೊದ್ದು ಕೂತಿದ್ದ ತಾಯಿಯ ಕಡೆ ನೋಡಿದಳು. ಬೈಗುಳ ಬರುತ್ತದೆ ಅಂತ ರದ್ದಿಯಕ್ಕ ತಲೆ ತಗ್ಗಿಸಿ ಕಾದಳು. ಬಂದದ್ದು ಒಂದೇ ಪ್ರಶ್ನೆ, ಅದೂ ತಮ್ಮನಿಗೆ.

"ಅಂಥ ಮೂಟೆ ಬೇರೆ ಯಾರ ಮನೆಗೆ ಹೋಗಿದೆ?"

ರದ್ದಿಯಕ್ಕ ತಟ್ಟನೆ ಗಂಡನ ಕಡೆ ತಿರುಗಿದಳು.

"ರೀ, ಹೇಳ್ರೀ!"

"ಮೊನ್ನೆ... ಆ ನರ್ಸಮ್ಮನ ಮನೆಗೆ," ಅಂದ. "ಅದಕ್ಕೂ ಅದೇ ರಾಶಿಯಿಂದಲೇ ತಗೊಂಡಿದ್ದು."

ಸಂಬಂಧಿಯಲ್ಲ, ಪರಿಚಯವಿಲ್ಲ. ಎರಡು ಮಕ್ಕಳ ಮನೆ. ಕೆಲಸಕ್ಕೆ ಕರೆಯುವಾಗ ನರ್ಸಮ್ಮ ಕೊಟ್ಟಿದ್ದ ನಂಬರು ರದ್ದಿಯಕ್ಕನ ಫೋನಿನಲ್ಲಿತ್ತು. ಸುಟ್ಟ ಕೈ ಬಿಟ್ಟು ಎಡಗೈಯಲ್ಲಿ ಒತ್ತಿದಳು. ಗಂಡ "ಏನಾದ್ರೂ ಯೋಚಿಸಿ ಹೇಳು" ಅನ್ನುವಷ್ಟರಲ್ಲಿ ಅತ್ತ ಕಡೆ ಹೆಂಗಸಿನ ದನಿ ಕೇಳಿಸಿತು, ಹಿಂದೆ ಮಕ್ಕಳ ಗಲಾಟೆ.

"ನಾನು ರದ್ದಿಯಕ್ಕ, ನಿಮ್ಮ ಅಟ್ಟ ತುಂಬಿದವಳು," ಅಂದಳು. "ನಾವು ನಿಮ್ಮ ತಲೆ ಮೇಲೆ ಉರಿಯೋ ಕಾಗದ ತುಂಬಿದ್ದೀವಿ. ಒಲೆ ಆರಿಸಿ, ಮಕ್ಕಳನ್ನ ಕರ್ಕೊಂಡು ಹೊರಗೆ ಬನ್ನಿ. ನಾನು ಹೊರಟೆ."