ಹೌದು ಎಂದ ಮೇಲಿನ ಉಸಿರು

ಆಲಪ್ಪುಳದ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ತಂಗಮಣಿ ಚೇಚಿ, ಅಂದರೆ ತಂಗಮಣಿ ಅಕ್ಕ, ಇಪ್ಪತ್ತಾರು ವರ್ಷಗಳಿಂದ ಎಡಿಟಿಂಗ್ ಮಾಡುತ್ತಾರೆ. ಮದುವೆ ವಿಡಿಯೊಗಳಿಂದ ಹೊಟ್ಟೆಪಾಡು, ನಮ್ಮಂಥವರ ಸಾಕ್ಷ್ಯಚಿತ್ರಗಳಿಂದ ತಲೆನೋವು. ಸಂದರ್ಶನ ಕೈಗೆ ಬಂದರೆ ಮೊದಲು ಪರದೆಗೆ ಟವೆಲ್ ಹೊದಿಸುತ್ತಾರೆ. ಇಡೀ ಸಂದರ್ಶನವನ್ನು ಒಮ್ಮೆ ಬರೀ ಕಿವಿಯಲ್ಲಿ ಕೇಳಿ ಮುಗಿಸಿದ ಮೇಲೆಯೇ ಮುಖ ನೋಡುವುದು. ಇದನ್ನು ಕಂಡು ನಾನು ಬಹಳ ದಿನ ಬೆನ್ನ ಹಿಂದೆ ನಗುತ್ತಿದ್ದೆ. ದೇವರು ಆ ನಗುವನ್ನು ಕ್ಷಮಿಸಲಿ.

ಆ ವರ್ಷ ನಾನು ಹಳೆಯ ದೋಣಿ ದುರಂತವೊಂದರ ಬಗ್ಗೆ ಚಿತ್ರ ಮಾಡುತ್ತಿದ್ದೆ. ದೋಣಿ ನಡೆಸುತ್ತಿದ್ದ ಔಸೇಪ್ ಜನರನ್ನು ಬಿಟ್ಟು ತಾನೇ ಮೊದಲು ಹಾರಿದನೆಂದು ಊರೆಲ್ಲ ನಲವತ್ತು ವರ್ಷಗಳಿಂದ ಹೇಳುತ್ತಿತ್ತು. ಚರ್ಚಿನಲ್ಲಿ ಔಸೇಪ್ ಚೇಟ್ಟ, ಅಂದರೆ ಔಸೇಪಣ್ಣ, ಕೂರುವ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

"ನೀವೇ ಮೊದಲು ಹಾರಿದ್ರಾ?" ಎಂದು ನಾನು ಕ್ಯಾಮೆರಾ ಮುಂದೆ ಕೇಳಿದೆ.

"ಹೌದು" ಎಂದರು ಔಸೇಪ್ ಚೇಟ್ಟ.

ಒಪ್ಪಿಕೊಂಡೇಬಿಟ್ಟರಲ್ಲ! ನಾನು ಹಿಗ್ಗಿ ಹೀರೇಕಾಯಿಯಾದೆ. ಚಿತ್ರವನ್ನು ಅದೇ ಮಾತಿನಿಂದ ಮುಗಿಸಬೇಕೆಂದು ತೀರ್ಮಾನಿಸಿದೆ.

ಚೇಚಿ ಟವೆಲಿನ ಮುಂದೆ ಕಣ್ಣು ಮುಚ್ಚಿ ಕೇಳಿದರು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಆಮೇಲೆ ಹೆಡ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದರು.

"ಏನ್ ಕೇಳಿಸ್ತು ಮೋನೇ?"

"ಹೌದು ಅಂದ್ರು."

"ಅದು ಕಿವುಡನಿಗೂ ಕೇಳುತ್ತೆ. ಅದಾದ್ಮೇಲೆ?"

ಅದಾದ ಮೇಲೆ ನನ್ನದೇ ಮುಂದಿನ ಪ್ರಶ್ನೆ ಇತ್ತು.

"ಉಸಿರು ಎಳ್ಕೊಂಡ್ರು ಕಣೋ! ಮಾತು ಮುಗಿಸ್ದೋರು ಉಸಿರು ಬಿಡ್ತಾರೆ. ಎಳ್ಕೊಳ್ಳೋರು ಇನ್ನೂ ಹೇಳೋಕಿರೋರು. ನೀನು ನಡುವೆ ಬಾಯಿ ಹಾಕ್ದೆ. ಇದನ್ನ ಇಲ್ಲಿಗೇ ಕತ್ತರಿಸೋಕೆ ನನ್ ಕೈಲಾಗಲ್ಲ. ನಡಿ, ಕೇಳ್ಕೊಂಡು ಬರೋಣ."

ಅರೆಕ್ಷಣದ ಆ ಉಸಿರನ್ನು ಹತ್ತು ಬಾರಿ ಕೇಳಿದೆ. ಇತ್ತು, ನಿಜವಾಗಿಯೂ ಇತ್ತು. ಮನುಷ್ಯರಿಗೆ ಇಂಥ ಕಿವಿಯೂ ಇರುತ್ತದೆಯೇ! ಅವರ ಕಾಲಿಗೆ ಬೀಳುವುದೊಂದು ಬಾಕಿ ಇತ್ತು.

ಮರುದಿನ ಹೋದಾಗ ಔಸೇಪ್ ಚೇಟ್ಟ ಜಗಲಿಯಲ್ಲಿ ಮರಗೆಣಸು ಸುಲಿಯುತ್ತಿದ್ದರು. ಕ್ಯಾಮೆರಾ ಚಾಲೂ ಮಾಡಿ ಅದೇ ಪ್ರಶ್ನೆ ಕೇಳಿದೆ.

"ಎಷ್ಟು ಸಲ ಕೇಳ್ತೀಯಪ್ಪ? ಹೌದು."

ಚೇಚಿ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿದ್ದರು. ನಾನು ಬಾಯಿ ತೆರೆಯಲಿಲ್ಲ. ಚೇಟ್ಟ ನಮ್ಮಿಬ್ಬರನ್ನೂ ನೋಡಿದರು. ಚಾಕು ಕೆಳಗಿಟ್ಟರು.

"ನನಗಿಂತ ಮುಂಚೆ ಒಂದು ಮಗು ನೀರಿಗೆ ಬಿದ್ದಿತ್ತು. ಅದನ್ನ ಹಿಡಿಯೋಕೆ ಹಾರ್ದೆ. ಕೈಗೆ ಸಿಗ್ಲಿಲ್ಲ. ತಿರುಗಿ ನೋಡೋಷ್ಟರಲ್ಲಿ ದೋಣಿ ಮಗುಚಿತ್ತು."

ಚೇಚಿ ನನ್ನ ಮೊಣಕೈ ಬಿಟ್ಟು ಕೇಳಿದರು: "ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಚೇಟ್ಟ?"

"ಹೌದು ಅಂದ ತಕ್ಷಣ ಎಲ್ಲರೂ ಎದ್ದು ಹೋಗ್ತಿದ್ರಲ್ಲ ಮೋಳೇ."