ಚಿಕ್ಕಮ್ಮ ಹುಟ್ಟಿಸಿದ ಹತ್ತು ಲಕ್ಷ ರೋಗಿಗಳು

ಮನೆಯಲ್ಲಿ ಒಂದು ಸುಳ್ಳೂ ಆಡದ ನನ್ನ ಚಿಕ್ಕಮ್ಮನಿಗೆ ಆಫೀಸಿನಲ್ಲಿ ಸಂಬಳ ಕೊಡುವುದೇ ಸುಳ್ಳು ಹುಟ್ಟಿಸಲಿಕ್ಕೆ. ಅದೇ ಆಫೀಸಿನಲ್ಲಿ ನಾನೂ ಜೊತೆಯವರೂ ಬರೆದ ಪ್ರೋಗ್ರಾಮುಗಳಿಗೆ ಇಲ್ಲದ ಜನರ ಹೆಸರು, ಹುಟ್ಟಿದ ದಿನ ಉಣಿಸಿ, ಅವು ಎಲ್ಲಿ ಎಡವುತ್ತವೆಂದು ನೋಡುತ್ತಾಳೆ. ಬಸ್ಸಿನಲ್ಲಿ ಕೂತರೂ ಅಂಗಡಿ ಬೋರ್ಡುಗಳಿಂದ ಹೆಸರು ಗೀಚಿಕೊಳ್ಳುತ್ತಿರುತ್ತಾಳೆ. ನಾನು ಅವಳೇ ಎತ್ತಿ ಆಡಿಸಿದ ಮಗು ಎಂಬ ದಾಕ್ಷಿಣ್ಯವೆಲ್ಲ ಮನೆಯಲ್ಲಿ ಮಾತ್ರ.

ಅವತ್ತು ಅವಳ ಕೈಗೆ ಸಿಕ್ಕಿದ್ದು ನನ್ನ ಪ್ರೋಗ್ರಾಮು. ಊರಿನ ಆಸ್ಪತ್ರೆಯೊಂದರಲ್ಲಿ ಪ್ರತಿ ರೋಗಿಗೂ ಒಂದು ನಂಬರು ಕೊಡುವಂಥದ್ದು. ಸಂಜೆ ಐದಕ್ಕೆ ತಲುಪಿಸುತ್ತೇನೆಂದು ಮ್ಯಾನೇಜರಿಗೆ ಮಾತು ಕೊಟ್ಟಿದ್ದೆ. ಚಿಕ್ಕಮ್ಮ ಹತ್ತು ಲಕ್ಷ ರೋಗಿಗಳು ಬೇಕೆಂದಳು. ಅವಳು ಕೊಟ್ಟ ಹೆಸರು, ತಾರೀಕುಗಳಿಂದ ಅವರನ್ನು ಹುಟ್ಟಿಸುವ ಶೆಲ್ ಸ್ಕ್ರಿಪ್ಟನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸಾಲನ್ನು, ನಾನೇ ಅವಸರದಲ್ಲಿ ಬರೆದುಕೊಟ್ಟೆ.

ಅವಳು ಸಾವಿರ ಜನರನ್ನು ಮಾತ್ರ ಹುಟ್ಟಿಸಿ ಗಡಿಯಾರ ನೋಡಿದಳು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕಲ್ಲ. ಹತ್ತು ಸೆಕೆಂಡು ಹಿಡಿದಿತ್ತು.

"ಹತ್ತು ಲಕ್ಷಕ್ಕೆ ಮೂರು ಗಂಟೆ ಹತ್ರ ಆಗುತ್ತೆ ಕಣೇ."

ಆಗಲೇ ಮೂರೂವರೆ. ನನಗೆ ಒಳಗೊಳಗೇ ಖುಷಿ. ಸಾವಿರವೇ ಸಾಕೆಂದು ಪಾಸು ಮಾಡಿಬಿಡುತ್ತಾಳೆ ಎಂದುಕೊಂಡೆ.

ಎಲ್ಲಿಯ ಮಾತು! ಕನ್ನಡಕ ಮೂಗಿನ ತುದಿಗೆ ಜಾರಿಸಿ ಸ್ಕ್ರಿಪ್ಟು ಓದಿದಳು. "ಒಬ್ಬೊಬ್ಬ ರೋಗಿಯ ಸಾಲಿಗೂ ಆ ಸಾಲು ಕಟ್ಟೋ 'ಆಕ್' ಕಮಾಂಡನ್ನ ಹೊಸದಾಗಿ ಕರೀತಿದ್ದೀಯಲ್ಲೇ! ಒಂದೊಂದು ಲೋಟ ತೊಳೆಯೋಕೂ ಒಂದೊಂದು ಸಲ ಬಾವಿಗೆ ಹೋಗ್ತಾರಾ? ಒಂದೇ ಸಲ ಕರಿ. ಹತ್ತು ಲಕ್ಷ ಸಲ ಸುತ್ತೋದೆಲ್ಲ ಅದರೊಳಗೇ ಸುತ್ತಲಿ." ತಾನೇ ನಾಲ್ಕು ಸಾಲು ತಿದ್ದಿದಳು. ನಾನು ನೀರು ಕುಡಿದು ಬರುವಷ್ಟರಲ್ಲಿ ಹತ್ತು ಲಕ್ಷ ಜನ ಹುಟ್ಟಿಯಾಗಿತ್ತು.

ಅವರನ್ನೆಲ್ಲ ಉಣಿಸಿದ ಮುಕ್ಕಾಲು ಗಂಟೆಯಲ್ಲಿ ನನ್ನ ಪ್ರೋಗ್ರಾಮು ಮುಗ್ಗರಿಸಿತು. ಹೆಸರೂ ಹುಟ್ಟಿದ ದಿನವೂ ಒಂದೇ ಆಗಿದ್ದ ಇಬ್ಬರಿಗೆ ಒಂದೇ ನಂಬರು ಕೊಟ್ಟಿತ್ತು. ಅಂದರೆ ಒಬ್ಬರ ಔಷಧಿ ಇನ್ನೊಬ್ಬರ ಹೊಟ್ಟೆಗೆ. ಮೊದಲಿನ ಸಾವಿರದಲ್ಲಿ ಅಂಥ ಜೋಡಿ ಒಂದೂ ಇರಲಿಲ್ಲ.

ನನಗೆ ರೇಗಿತು. "ಇದು ಮೋಸ ಚಿಕ್ಕಮ್ಮ! ನೂರಕ್ಕೆ ಹತ್ತು ಜನಕ್ಕೆ ಜನವರಿ ಒಂದನೇ ತಾರೀಕು ಹಾಕಿದ್ದೀಯ. ಹಾಗೆ ಯಾರು ಹುಟ್ತಾರೆ?"

"ಹುಟ್ಟಿದ ದಿನ ಗೊತ್ತಿಲ್ಲದವರು," ಎಂದಳು. "ಕೌಂಟರಲ್ಲಿ ಹಾಗೇ ಬರ್ಕೋತಾರೆ. ನಿಮ್ಮಜ್ಜಿ ಆಸ್ಪತ್ರೆ ಚೀಟಿ ನೋಡಿಲ್ವಾ?"

ನೋಡಿದ್ದೆ; ಅದರಲ್ಲೂ ಜನವರಿ ಒಂದೇ. ತಿಂಗಳಿಗೊಮ್ಮೆ ಅಜ್ಜಿಯನ್ನು ಅದೇ ಆಸ್ಪತ್ರೆಗೆ ಕರೆದೊಯ್ಯುವವಳು ನಾನೇ. ಅಜ್ಜಿಯ ಹೆಸರೋ, ಬೀದಿಗೆ ನಾಲ್ಕು ಜನಕ್ಕೆ ಇರುವಂಥದ್ದು.

ಚಿಕ್ಕಮ್ಮನನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಮ್ಯಾನೇಜರಿಗೆ ನಾನೇ ಫೋನು ಮಾಡಿದೆ.

"ಇವತ್ತು ಕೊಡಲ್ಲ ಸರ್. ನಮ್ಮಜ್ಜೀನ ಅಲ್ಲಿಗೆ ಕರ್ಕೊಂಡು ಹೋಗೋ ಧೈರ್ಯ ನನಗೆ ಬಂದ ಮೇಲೆ ಕೊಡ್ತೀನಿ."