ಕೆಳಗಿನ ಕೆಸರು ಹಳೆಯದು

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ನಾವು ಹೊಸದಾಗಿ ಕೊಂಡ ಮನೆಯ ಮುಂದೆ ಕೀ ಹಿಡಿದು ನಿಂತಿದ್ದೇನೆ. ಪಕ್ಕದವರು ಹಿತ್ತಲಲ್ಲಿ ಕೊಳ ತೋಡಿಸುತ್ತಿದ್ದಾರೆ. ಹಸಿ ಕೆಸರಿನ ವಾಸನೆ ಮೂಗಿಗೆ ಬಡಿಯುತ್ತಿದೆ. ನಿಮಗೆ ಮಲ್ಲಿಗೆಯ ಘಮಕ್ಕೆ ನೆನಪು ಉಕ್ಕಬಹುದು, ನನ್ನ ಹಣೆಬರಹಕ್ಕೆ ಕೆಸರು. ನೆನಪಾದವಳು ಸಮೀನಾ.

ಕೆಲವು ವರ್ಷಗಳ ಹಿಂದೆ, ಬೀಸ್ಟನ್ನಿನಲ್ಲಿದ್ದಾಗ, ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಶಿವಮೊಗ್ಗದ ಹುಡುಗಿ. ಕೆರೆತಳದ ಕೆಸರನ್ನು ಉದ್ದನೆಯ ಕೊಳವೆಯಲ್ಲಿ ಎತ್ತಿ, ಯಾವ ಪದರ ಯಾವ ಕಾಲದ್ದು, ಆಗ ಮಳೆ ಚಳಿ ಹೇಗಿತ್ತು ಎಂದು ಲೆಕ್ಕ ಹಾಕುವುದು ಅವಳ ಪಿಎಚ್‌ಡಿ. ಡರ್ಬಿಯಲ್ಲಿ ವಿಮಾನದ ಎಂಜಿನ್ನುಗಳಿಗೆ ಸಾಫ್ಟ್‌ವೇರ್ ಬರೆಯುವ ನನಗೆ, ಇದೂ ಒಂದು ಓದಾ ಅನಿಸುತ್ತಿತ್ತು. ಎಂಥ ಜಂಬ ನನ್ನದು!

ಆ ಬೇಸಿಗೆ ಅಮ್ಮ ಊರಿಂದ ಬಂದಿದ್ದಳು. ಅಮ್ಮನದೊಂದು ಹಟ: ಯಾವ ಹೊಸ ಮನೆಗೂ ತಾನು ಮೊದಲು ಕಾಲಿಡುವುದಿಲ್ಲ. ನಮ್ಮ ಮನೆಗೆ ಬಂದ ದಿನವೂ ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತ ನಿಂತು, ನಮ್ಮನ್ನೆಲ್ಲ ಒಳಗೆ ಕಳಿಸಿಯೇ ಬಂದಳು. ಹುಟ್ಟಿದ ತಿಂಗಳಲ್ಲೇ ಅಪ್ಪನನ್ನು ನುಂಗಿಕೊಂಡವಳು ಎಂದು ಊರು ಆಡಿಕೊಂಡಿತ್ತಂತೆ. ತನ್ನ ಕಾಲ್ಗುಣವೇ ಕೆಟ್ಟದ್ದೆಂದು ಅಮ್ಮ ನಂಬಿಬಿಟ್ಟಿದ್ದಳು. ಬಂದ ವಾರದಲ್ಲೇ ಸಮೀನಾಳಿಗೂ ಅದನ್ನು ಹೇಳಿ ಮುಗಿಸಿದ್ದಳು. ನಾನೆಷ್ಟು ರೇಗಿದರೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಹೀರೆಕಾಯಿ ಹೆರೆಯುತ್ತ ಅಮ್ಮ ಸಮೀನಾಳ ಲ್ಯಾಪ್‌ಟಾಪಿನೊಳಗೆ ಇಣುಕಿದಳು. ಪರದೆಯ ತುಂಬ ಗೆರೆಗಳು.

"ಏನಮ್ಮ ಇದು, ಹಿಂಗೆ ಗೀಚಿದ್ದೀಯ?"

"ಒಂದೊಂದು ಗೆರೆನೂ, ಹೀಗೂ ನಡೆದಿರಬಹುದು ಅನ್ನೋ ಒಂದೊಂದು ಕಥೆ, ಆಂಟಿ. ಲ್ಯಾಬಲ್ಲಿ ಕೊಡೋ ಕೆಸರಿನ ವಯಸ್ಸು ಅಂದಾಜಷ್ಟೇ, ಎಷ್ಟೋ ವರ್ಷ ಹಿಂದೆ ಮುಂದೆ ಇರುತ್ತೆ. ಆದ್ರೆ ಕೆರೆತಳ ಕದಡಿಲ್ಲ ಅಂದ್ರೆ ಕೆಳಗಿನ ಕೆಸರೇ ಹಳೇದು, ಅದು ಗ್ಯಾರಂಟಿ. ಆ ಕ್ರಮ ತಪ್ಪಿದ ಕಥೆನೆಲ್ಲ ಕಂಪ್ಯೂಟರ್ ಎಸೆದುಬಿಡುತ್ತೆ. ಉಳಿದ ಗೆರೆಗಳು ಎಲ್ಲಿ ಒತ್ತೊತ್ತಾಗಿವೆಯೋ, ನಿಜ ಬಹುಶಃ ಅಲ್ಲೇ."

ನನ್ನ ಮೈ ಜುಮ್ಮೆಂದಿತು. ಯಾರೂ ಕಾಣದ ಕಾಲವನ್ನು, ಯಾವುದು ಮೊದಲು ಯಾವುದು ಆಮೇಲೆ ಎನ್ನುವುದರಿಂದಲೇ ಇಷ್ಟು ಹತ್ತಿರಕ್ಕೆ ಎಳೆದುಕೊಳ್ಳಬಹುದೇ!

ಕೆಸರೆಂದ ಕೂಡಲೇ ಅಮ್ಮನಿಗೆ ತನ್ನ ಕಥೆ ಬಂತು. ತವರುಮನೆಯ ಹಿತ್ತಲ ಬಾವಿಗೆ ನೀರು ಬಂದ ದಿನ, ಪುಟ್ಟ ಮಗುವಾಗಿದ್ದ ಅಮ್ಮ ತಪ್ಪುಹೆಜ್ಜೆ ಇಡುತ್ತ ಹೋಗಿ, ಮೇಲೆತ್ತಿ ಹಾಕಿದ್ದ ಕೆಸರನ್ನು ಬಾಯಿತುಂಬ ತುಂಬಿಕೊಂಡಿದ್ದಳಂತೆ. ನಮ್ಮ ಮನೆಯಲ್ಲಿ ಇವತ್ತಿಗೂ ಇದನ್ನು ಹೇಳಿ ನಗುತ್ತಾರೆ.

"ಬಾವಿ ತೋಡಿಸಿದ್ದು ಯಾರು, ಆಂಟಿ?"

"ನಮ್ಮಪ್ಪ. ನೀರು ಬಂದಿದ್ದು ನೋಡ್ಕೊಂಡೇ ಕಣ್ಮುಚ್ಚಿದ್ರಂತೆ, ಪುಣ್ಯಾತ್ಮ."

ಸಮೀನಾ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿದಳು. "ನೀರು ಬಂದಾಗ ನೀವು ಆಗಲೇ ನಡೀತಿದ್ರಿ. ಅವರು ಹೋಗಿದ್ದು ಅದಾದ್ಮೇಲೆ. ಮತ್ತೆ ಹುಟ್ಟಿದ ತಿಂಗಳಲ್ಲೇ ಅನ್ನೋ ಕಥೆ ಎಲ್ಲಿ ಕೂರುತ್ತೆ ಆಂಟಿ? ಅದನ್ನ ಎಸೀಬೇಕಲ್ವಾ?"

ಎರಡೂ ಕಥೆಗಳನ್ನು ಹುಟ್ಟಿದಾಗಿನಿಂದ ಕೇಳಿದ್ದೆ. ಒಂದರ ಮೇಲೊಂದು ಇಟ್ಟು ನೋಡಬೇಕೆಂದು ಈ ಎಂಜಿನಿಯರಮ್ಮನಿಗೆ ಹೊಳೆದಿರಲಿಲ್ಲ. ಅಮ್ಮ ಹೆರೆದ ಹೀರೆಕಾಯಿಯನ್ನೇ ಮತ್ತೆ ಹೆರೆದಳು. ಆಮೇಲೆ ಯಾರನ್ನೂ ನೋಡದೆ ಅಂದಳು:

"ಹಾಗಾದ್ರೆ ನಮ್ಮಪ್ಪ ನಾನು ನಡೆಯೋದು ನೋಡಿದ್ರು ಅನ್ನು."

ಈಗ ಅದೇ ಅಮ್ಮ ನನ್ನ ಬೆನ್ನ ಹಿಂದೆ ನಿಂತಿದ್ದಾಳೆ. ನಾನು ಬಾಗಿಲು ತೆರೆದು, ಹಳೆಯ ಅಭ್ಯಾಸದಂತೆ ಮೊದಲು ಕಾಲೆತ್ತಿದೆ.

"ಸ್ವಲ್ಪ ಸರ್ಕೊಳೇ," ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಅಮ್ಮ ಬಲಗಾಲಿಟ್ಟು ಒಳಗೆ ಹೋದಳು.